ಅಕ್ಕವ್ವ ಅಳೆಯದೆ ಬಿಟ್ಟ ಸೊಂಟ

ಅನಗೋಳದ ಅಕ್ಕವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಓಣಿಯ ಹೆಂಗಸರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಹಾಲಿನವನು ನೀರು ಬೆರೆಸಿದರೆ ಅವಳಿಗೆ ಸಿಟ್ಟು ಬರುವುದಿಲ್ಲ. ದಿನಕ್ಕೆ ಮೂರು ಸಲ ಕರೆಂಟು ಹೋದರೂ ಬರುವುದಿಲ್ಲ. ಗಂಡ ಮುತ್ತಪ್ಪ ಉದ್ಯಮಬಾಗದ ಫೌಂಡ್ರಿಯಿಂದ ಬಂದು ಮಸಿಗೈಯನ್ನು ಬಿಳಿ ಅಸ್ತರದ ಬಟ್ಟೆಗೆ ಒರೆಸಿದರೂ ಒಂದು ಸಲ ದುರುಗುಟ್ಟಿ ನೋಡಿ ಸುಮ್ಮನಾಗುತ್ತಾಳೆ. ಆದರೆ ಅವಳ ಹೊಲಿಗೆ ಮಷಿನ್ನಿನ ಮುಂದೆ ನಿಂತು ಯಾವಳಾದರೂ ಇನ್ನೊಬ್ಬಳ ಮೈಯ ಬಗ್ಗೆ ಹಗುರವಾಗಿ ಮಾತಾಡಿದಳೋ, ಅಲ್ಲಿಗೆ ಮುಗಿಯಿತು.

ಹೋದ ದೀಪಾವಳಿಗೆ ಮುಂಚೆ ಹಿಂದಿನ ಓಣಿಯ ಕುಂದಾ ತನ್ನ ಹೊಸ ಸೊಸೆ ಮುಗ್ಧಾಳನ್ನು ಕರೆದುಕೊಂಡು ಬಂದಿದ್ದಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, ಸೊಸೆಯ ಎದುರಿಗೇ, ಈ ಹುಡುಗಿ ಮೇಲಿಂದ ಕೆಳಗಿನ ತನಕ ಒಂದೇ ಅಳತೆ, ಸೊಂಟ ಅನ್ನುವುದೇ ಇಲ್ಲ, ಏನಾದರೂ ಸಡಿಲಾಗಿ ಹೊಲಿದು ಕೊಡು ಅಂದಳು. ಮುಗ್ಧಾ ನೆಲ ನೋಡುತ್ತ ನಿಂತಳು. ಅಕ್ಕವ್ವ ತುಟಿಯ ನಡುವೆ ಹಿಡಿದಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಅವಳು ಪಿನ್ನು ಕೆಳಗಿಟ್ಟಳೆಂದರೆ ಬಾಯಿ ಖಾಲಿಯಾಯಿತು, ಇನ್ನು ಬೈಯುತ್ತಾಳೆ ಎಂಬುದು ಹಳೇ ಗಿರಾಕಿಗಳಿಗೆ ಗೊತ್ತು.

“ವಹಿನಿ, ಸೊಂಟ ಇಲ್ಲದ ಹೆಣ್ಣುಮಗಳನ್ನ ನಾ ಇನ್ನೂ ನೋಡಿಲ್ಲ. ಅದು ಎಲ್ಲೈತಿ ಅಂತ ಹುಡುಕೂದು ನನ್ನ ಕೆಲಸ. ನೀವು ಹೊರಗ ಕುಂದರ್ರಿ.”

ಕುಂದಾ ಮುಖ ಸಿಂಡರಿಸಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಒಳಗೆ ಅಕ್ಕವ್ವ ಟೇಪು ಹಿಡಿದು ಸೊಸೆಯ ಮೈ ಸುತ್ತ ಮೂರು ಸಲ ತಿರುಗಿದಳು. ವಾರದ ಮೇಲೆ ಮುಗ್ಧಾ ಆ ಕುರ್ತಾ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ, ನಡುವಿನಲ್ಲಿ ಬಟ್ಟೆ ಹಿಡಿದು ಕೆಳಗೆ ಅಗಲವಾದ ಘೇರು ಬಿಟ್ಟಿದ್ದರಿಂದ, ಇಲ್ಲವೆಂದು ಅತ್ತೆ ಹೇಳಿದ್ದ ಸೊಂಟ ಅಲ್ಲೇ ಇತ್ತು. ಎರಡನೇ ಕುರ್ತಾದ ಬಟ್ಟೆ ಕೊಡಲು ಹುಡುಗಿ ಒಬ್ಬಳೇ ಬಂದಳು.

ಅಕ್ಕವ್ವನ ಕಸುಬಿನ ಸಾರವೆಲ್ಲ ಇಷ್ಟೇ. ನೆಟ್ಟಗಿನ ಮೈಗೆ ನಡುವಿನಲ್ಲಿ ಬಟ್ಟೆಯನ್ನು ಚಿವುಟಿ ಡಾಟ್ ಹಿಡಿಯಬೇಕು, ಕೆಳಗೆ ಅಗಲ ಕೊಡಬೇಕು. ಕೆಳಮೈ ಭಾರವಿದ್ದವಳಿಗೆ ಕಸೂತಿ, ಲೇಸು ಏನಿದ್ದರೂ ಕೊರಳು ಹೆಗಲ ಹತ್ತಿರ ಇಡಬೇಕು, ಕೆಳಗೆ ಬಟ್ಟೆ ಸುಮ್ಮನೆ ಇಳಿಯಬೇಕು. ಎದೆ ತುಂಬಿದ್ದು ನಡು ಗಿಡ್ಡವಿದ್ದರೆ ಸೊಂಟದ ಹೊಲಿಗೆಯನ್ನು ಒಂದಿಂಚು ಕೆಳಗೆ ತರಬೇಕು, ಅಗಲ ಪಟ್ಟಿ ಕಟ್ಟಲೇಬಾರದು. ಇನ್ನು ಹೊಟ್ಟೆ ಮುಂದೆ ಬಂದವರದ್ದು. ಅರಿಯದ ದರ್ಜಿಗಳು ಹೊಕ್ಕುಳ ಹತ್ತಿರವೇ ಟೇಪು ಸುತ್ತಿ, ಛೇ, ಇಲ್ಲಿ ಏನೂ ಮಾಡಲಿಕ್ಕಾಗುವುದಿಲ್ಲ ಎಂದು ಚೀಲ ಹೊಲಿದು ಕೊಡುತ್ತಾರೆ. ಅಂಥವರ ಸೊಂಟ ಮೇಲೆ, ಪಕ್ಕೆಲುಬು ಮುಗಿಯುವಲ್ಲಿ ಇರುತ್ತದೆ. ಅಲ್ಲಿ ಹಿಡಿದು ಕೆಳಗೆ ಬಿಟ್ಟರೆ ಸಾಕು. ಇದನ್ನೆಲ್ಲ ಅಕ್ಕವ್ವ ಬಂದವರಿಗೆಲ್ಲ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ.

ಈ ಸಿಟ್ಟು ಅವಳ ಜೊತೆಗೆ ಬೀಡಿ ಎಂಬ ಊರಿನಿಂದ ಬಂದದ್ದು. ಖಾನಾಪುರ ತಾಲೂಕಿನ ಬೀಡಿ ಅವಳ ತವರು. ಅಲ್ಲಿ ಚಿಕ್ಕಂದಿನಲ್ಲಿ ಅವಳಿಗೆ ‘ಒನಕಿ’ ಎಂದು ಹೆಸರಿಟ್ಟಿದ್ದರು. ಎತ್ತರ, ಸಪಾಟು, ಎಲ್ಲೂ ಒಂದು ಬಳುಕಿಲ್ಲ. ಹುಡುಗರು ಅಂದರೆ ಅನ್ನಲಿ, ಸ್ವಂತ ಸೋದರತ್ತೆಯರೇ ಕೂಗಿ ಕರೆಯುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ಹೊಲಿಗೆ ಕಲಿಯತೊಡಗಿದಳು. ಮೂರನೇ ತಿಂಗಳು ತನಗೇ ಒಂದು ಜಂಪರ್ ಹೊಲಿದುಕೊಂಡು, ಬೆನ್ನಿಗೆರಡು ಎದೆಗೆರಡು ಡಾಟ್ ಹಿಡಿದು, ಕನ್ನಡಿ ನೋಡಿದಳು. ಬೇರೆ ಹುಡುಗಿಯಾಗಿದ್ದರೆ ನಕ್ಕು ಕುಣಿಯುತ್ತಿದ್ದಳು. ಇವಳಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ಹೊಲಿಗೆಯಲ್ಲಿ ಆಗುವ ಕೆಲಸಕ್ಕೆ ತಾನು ಇಷ್ಟು ವರ್ಷ ಬೆನ್ನು ಬಾಗಿಸಿಕೊಂಡು, ಪುಸ್ತಕ ಎದೆಗವಚಿಕೊಂಡು, ಗೋಡೆ ಸವರಿಕೊಂಡು ನಡೆದೆನಲ್ಲ ಎಂದು ಅತ್ತಳು. ಅಂದಿನಿಂದ ಇಂದಿನವರೆಗೆ, ಅಂದರೆ ಐವತ್ನಾಲ್ಕು ತುಂಬುವವರೆಗೆ, ಹೆಂಗಸರ ಮೈ ನೋಡಿ ನಗುವವರನ್ನು ಅವಳು ಕ್ಷಮಿಸಿದ್ದಿಲ್ಲ.

ಇಷ್ಟೆಲ್ಲ ತಿಳಿದ ಅಕ್ಕವ್ವ ಮಾಡಿದ್ದನ್ನು ಹೇಳಲು ನನಗೂ ಸಿಟ್ಟೇ ಬರುತ್ತದೆ.

ಅವಳಿಗೆ ಒಬ್ಬಳೇ ಮಗಳು, ಸಮೃದ್ಧಿ. ಈಗ ಇಪ್ಪತ್ತೇಳು. ಕ್ಯಾಂಪ್ ಪ್ರದೇಶದ ಒಂದು ವಿಮೆ ಕಚೇರಿಯಲ್ಲಿ ಕೆಲಸ. ಹುಡುಗಿ ಅಪ್ಪನ ಕಡೆಯ ಮೈಕಟ್ಟು: ಗಟ್ಟಿ ಭುಜ, ತುಂಬಿದ ಎದೆ, ಮುಂದೆ ಬಂದ ಹೊಟ್ಟೆ. ಹದಿಮೂರನೇ ವಯಸ್ಸಿನಲ್ಲಿ ಒಂದು ಮದುವೆ ಮನೆಯಲ್ಲಿ ಯಾರೋ ದೂರದ ನೆಂಟಳು ಆ ಹೊಟ್ಟೆ ನೋಡಿ ಏನೋ ಅಂದು ನಕ್ಕಳು. ಬೇರೆಯವರ ಮಗಳಾಗಿದ್ದರೆ ಅಕ್ಕವ್ವ ಅಲ್ಲೇ ಆ ನೆಂಟಳ ನೀರಿಳಿಸುತ್ತಿದ್ದಳು. ತನ್ನ ಮಗಳಿಗಂದಾಗ ಅವಳ ಬಾಯಿ ಕಟ್ಟಿತು. ಮನೆಗೆ ಬಂದವಳೇ ಕಡುನೀಲಿ ಬಟ್ಟೆ ತೆಗೆದು, ಎರಡು ಮಕ್ಕಳು ಹಿಡಿಸುವಂಥ ಒಂದು ದೊಗಳೆ ಅಂಗಿ ಹೊಲಿದು ಹಾಕಿಸಿದಳು. ಆಮೇಲೆ ಅದೇ ರೂಢಿಯಾಯಿತು. ಕಡುನೀಲಿ, ಕಂದು, ಕಪ್ಪು. ಮನೆಯ ಹುಡುಗಿಗೆ ಟೇಪು ಯಾಕೆ, ಕಣ್ಣಳತೆ ಸಾಕು ಎಂದು ಕತ್ತರಿ ಹಾಕುವಳು, ಮತ್ತೆ ಎರಡು ಇಂಚು ಸೇರಿಸುವಳು. ಇದು ತಾಯಿಯ ಜೀವ, ಮಗಳನ್ನು ಯಾರೂ ನೋಡಿ ನಗಬಾರದು ಎಂದೇ ಅವಳು ತಿಳಿದಿದ್ದಳು. ಸಮೃದ್ಧಿ ಕಾಲೇಜಿಗೆ ಹೋಗುವಾಗ ಒಂದೆರಡು ಸಲ ಹಳದಿ ಬಟ್ಟೆ ತಂದು ಕೊಟ್ಟಳು. ಅಕ್ಕವ್ವ ಅದರಲ್ಲಿ ದಿಂಬಿನ ಕವರು ಹೊಲಿದಳು.

ಎರಡು ಕಡೆಯಿಂದ ಸಂಬಂಧ ಬಂದು ತಿರುಗಿ ಹೋದವು. ಮೂರನೆಯದು ಖಾನಾಪುರದ್ದು. ಹುಡುಗ ಚೇತನ, ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ತಾಯಿ ಪ್ರಮಿಳಾ, ಮದುವೆಯಾದ ಒಬ್ಬಳು ಅಕ್ಕ. ಮೊದಲ ನೋಟವನ್ನು ಹುಡುಗಿಯ ಸೋದರಮಾವನ ಮನೆಯಲ್ಲಿ ಇಟ್ಟುಕೊಳ್ಳುವುದು ಅಕ್ಕವ್ವನ ತವರಿನವರ ಪದ್ಧತಿ. ಕೂಡಿಬರದಿದ್ದರೆ ಹುಡುಗಿಯ ಓಣಿಯವರಿಗೆ ಸುದ್ದಿ ಆಗುವುದಿಲ್ಲ ಎಂಬ ಲೆಕ್ಕ. ಹಾಗಾಗಿ ಬೀಡಿಯಲ್ಲಿ ಅಣ್ಣ ಗುರುಪಾದಪ್ಪನ ಮನೆಯಲ್ಲಿ ಎಲ್ಲರೂ ಸೇರುವುದೆಂದಾಯಿತು. ಸೀರೆ ಬೇಡ, ಸುಮ್ಮನೆ ಮಾತಾಡಿ ಹೋಗುತ್ತೇವೆ, ಹುಡುಗಿ ದಿನದ ಉಡುಪಿನಲ್ಲೇ ಇರಲಿ ಎಂದು ಪ್ರಮಿಳಾ ಹೇಳಿ ಕಳಿಸಿದ್ದಳು.

ಸೀರೆಯಾಗಿದ್ದರೆ ಸೆರಗು ಹೊದೆಸಿ ಮುಚ್ಚಬಹುದಿತ್ತು. ಕುರ್ತಾ ಅಂದಾಗ ಅಕ್ಕವ್ವನಿಗೆ ದಿಗಿಲಾಯಿತು. ಇಡೀ ದಿನ ಯೋಚಿಸಿ, ಹೊಟ್ಟೆ ಕಾಣದ ಹಾಗೆ ತನಗೆ ಗೊತ್ತಿದ್ದ ಎಲ್ಲಕ್ಕಿಂತ ಪಕ್ಕಾ ಕಟಿಂಗ್ ತೆಗೆದಳು. ಕೊರಳ ಕೆಳಗೆ ಒಂದು ಅಡ್ಡಪಟ್ಟಿ. ಅದರಿಂದ ಏಳು ನಿರಿಗೆ, ನೇರ ಮೊಣಕಾಲಿಗೆ ಇಳಿಯುವಂತೆ. ಪಕ್ಕದ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಮಡಚಿ, ಬಿಳಿ ದಾರದಲ್ಲಿ ಸಡಿಲು ಟಾಕು ಹಾಕಿ ಇಟ್ಟಳು. ಮಗಳು ಇನ್ನೂ ದಪ್ಪವಾದರೆ ಬಿಡಿಸಬಹುದಲ್ಲ.

ಸಮೃದ್ಧಿ ಅದನ್ನು ಹಾಕಿಕೊಂಡು ಹೋದಳು. ಮಾತುಕತೆ ಚೆನ್ನಾಗಿಯೇ ನಡೆಯಿತು. ಹಿತ್ತಲಿನಲ್ಲಿ ಅರ್ಧ ತಾಸು ಇಬ್ಬರೂ ಮಾತಾಡಿದರು. ಚೇತನ ನಗಿಸುವ ಹುಡುಗ. ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ತನ್ನಷ್ಟಕ್ಕೆ ನಗುತ್ತಿದ್ದುದನ್ನು ಅಕ್ಕವ್ವ ನೋಡಿದಳು. ಅದಾಗಿ ಮೂರು ದಿನ ಮೊಬೈಲಿಗೆ ಅವನ ಸಂದೇಶಗಳು ಬರುತ್ತಿದ್ದವು. ನಾಲ್ಕನೇ ದಿನ ನಿಂತವು.

ಐದನೇ ದಿನ ಗುರುಪಾದಪ್ಪನ ಫೋನು ಬಂತು. ಅಣ್ಣ ಮಳೆ ಬೆಳೆ ಎಲ್ಲ ಕೇಳಿ, ಮುತ್ತಪ್ಪನ ಮೊಣಕಾಲು ನೋವು ಕೇಳಿ, ಕಡೆಗೆ ನುಂಗಿಕೊಂಡು ನುಂಗಿಕೊಂಡು ಹೇಳಿದ: ಹುಡುಗನ ಕಡೆಯವರಿಗೆ ಒಂದು ಸಂಶಯ ಬಂದಿದೆ. ಹುಡುಗಿ ಬಸುರಿ ಇರಬಹುದು ಅಂತ. ಇಲ್ಲ ಅನ್ನುವುದಾದರೆ ಡಾಕ್ಟರರ ಒಂದು ಕಾಗದ ಕಳಿಸಲಿ ಅಂದಿದ್ದಾರೆ.

ಅಕ್ಕವ್ವ ಫೋನು ಇಟ್ಟ ರಭಸಕ್ಕೆ ಅದರ ಗಾಜು ಒಡೆಯಿತು. ಆ ರಾತ್ರಿ ಮಗಳಿಗೆ ಏನೂ ಹೇಳಲಿಲ್ಲ. ಬೆಳಗ್ಗೆ ಅವಳು ಕಚೇರಿಗೆ ಹೋದದ್ದೇ ತಡ, ಅಕ್ಕವ್ವ ಹೊಲಿಗೆ ಅರ್ಧಕ್ಕೆ ಬಿಟ್ಟು ಮೂರನೇ ರೈಲ್ವೆ ಗೇಟಿನ ಹತ್ತಿರ ಖಾನಾಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ, ಏನೇನು ಅನ್ನಬೇಕೆಂದು ಜೋಡಿಸಿಕೊಂಡಳು. ನನ್ನ ಮಗಳ ಮೇಲೆ ಇಂಥ ಮಾತು ಆಡಲು ನಾಲಿಗೆ ಹೇಗೆ ಹೊರಳಿತು ಎಂಬಲ್ಲಿಂದ ಹಿಡಿದು, ಆ ಮನೆಯ ಏಳು ತಲೆಮಾರಿನವರೆಗೆ ಎಲ್ಲವೂ ತಯಾರಿತ್ತು.

ಪ್ರಮಿಳಾಳ ಮನೆಯ ಅಂಗಳದಲ್ಲಿ ನಿಂತು ಅದರಲ್ಲಿ ಅರ್ಧದಷ್ಟನ್ನು ಅಂದೂ ಅಂದಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಪ್ರಮಿಳಾ ದನಿ ಏರಿಸಲಿಲ್ಲ. ಒಳಗೆ ಕರೆದು ಕೂಡಿಸಿ, ನೀರು ಕೊಟ್ಟು, ಕೋಣೆಗೆ ಹೋಗಿ ಒಂದು ಮೆರೂನ್ ಬಣ್ಣದ ಕುರ್ತಾ ತಂದು ಅಕ್ಕವ್ವನ ತೊಡೆಯ ಮೇಲಿಟ್ಟಳು.

“ಇದು ನಿಮ್ಮ ಕೈಯಾಗಿನ ಹೊಲಿಗಿ ಹೌದಲ್ರಿ?”

ಹೌದು. ತನ್ನ ಹೊಲಿಗೆಯನ್ನು ಅಕ್ಕವ್ವ ಕತ್ತಲಲ್ಲೂ ಬೆರಳಿನಿಂದ ಗುರುತಿಸುವಳು. ಬೀಡಿ, ಖಾನಾಪುರದ ಕಡೆ ಇದಕ್ಕೆ ಬಹಳ ಬೇಡಿಕೆ. ಬಸುರಿಗೆ ಐದನೇ ತಿಂಗಳಲ್ಲಿ ಮಾಡುವ ಕುಬಸದ ಕಾರ್ಯ ಮುಗಿದ ಮೇಲೆ, ಹೆರಿಗೆಯ ತನಕ ಹಾಕಿಕೊಳ್ಳಲು ತವರಿನವರು ಮಗಳಿಗೆ ಅಕ್ಕವ್ವನ ಕೈಯ ಎರಡು ಕುರ್ತಾ ತರುವುದು ಹತ್ತು ಹದಿನೈದು ವರ್ಷಗಳಿಂದ ನಡೆದುಬಂದಿತ್ತು. ಕೊರಳ ಕೆಳಗೆ ಅಡ್ಡಪಟ್ಟಿ. ಏಳು ನಿರಿಗೆ. ಪಕ್ಕದಲ್ಲಿ ಬಿಡಿಸಲು ಎರಡಿಂಚು ಬಟ್ಟೆ, ಬಿಳಿ ದಾರದ ಟಾಕು. ಇದು ಪ್ರಮಿಳಾಳ ಮಗಳು ಆರನೇ ತಿಂಗಳಿನಲ್ಲಿ ಹಾಕಿಕೊಂಡದ್ದು.

“ನಿಮ್ಮ ಹುಡುಗಿ ಹಾಕ್ಕೊಂಡಿದ್ದೂ ಇದ ಐತ್ರಿ. ನನ್ನ ಮಗಳು ಬಾಜೂಕ ಕುಂತಿದ್ಲು, ಒಳಗಿನ ಬಿಳಿ ದಾರಾನೂ ನೋಡ್ಯಾಳ. ಬಸುರಿ ಹೆಣ್ಣಮಕ್ಕಳಿಗೆ ಅಂತ ಹೊಲಿಯೂ ಅರಿವಿ ನಿಮ್ಮ ಕೈಯಾರ ನಿಮ್ಮ ಮಗಳಿಗೆ ಹಾಕಿ ತೋರಸೀರಿ. ನಾವು ಏನಂತ ತಿಳಕೋಬೇಕ್ರಿ?”

ಅಕ್ಕವ್ವ ಕುರ್ತಾವನ್ನು ತಿರುವಿ ಒಳಗಿನ ಬಿಳಿ ಟಾಕಿನ ಮೇಲೆ ಬೆರಳಾಡಿಸಿದಳು. ಹೊಟ್ಟೆ ಮುಚ್ಚುವುದೊಂದೇ ತಲೆಯಲ್ಲಿದ್ದ ಅವಳಿಗೆ, ಈ ಕಟಿಂಗನ್ನು ನೋಡಿದ ಸುತ್ತಿನ ಹೆಂಗಸರಿಗೆ ಏನು ನೆನಪಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಪ್ರಮಿಳಾ ಮೆತ್ತಗೆ ಹೇಳುತ್ತ ಹೋದಳು: ಹುಡುಗನಿಗೆ ಮನಸ್ಸಿದೆ, ನಮಗೂ ಹಟವಿಲ್ಲ, ಒಂದು ಕಾಗದ ಬಂದರೆ ಎಲ್ಲರ ಬಾಯಿ ಮುಚ್ಚುತ್ತದೆ. ಬಸ್ಸಿನಲ್ಲಿ ನಗುತ್ತಿದ್ದ ಮಗಳ ಮುಖ ಅಕ್ಕವ್ವನ ಕಣ್ಣಮುಂದೆ ಬಂತು. ಒಂದು ಕಾಗದ ತಾನೇ ಎನಿಸಿತು. ಆಗಲಿ, ಕಳಿಸುತ್ತೇನೆ ಎಂದು ಒಪ್ಪಿಕೊಂಡು ಬಂದುಬಿಟ್ಟಳು.

ಸಂಜೆ ಸಮೃದ್ಧಿ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕವ್ವ ಶುರುಮಾಡಿದಳು. ಪ್ರಮಿಳಾಳನ್ನು ಬೈದಳು, ಅವಳ ಮಗಳನ್ನು ಬೈದಳು, ಇಡೀ ಖಾನಾಪುರವನ್ನು ಬೈದಳು. ಕೊನೆಗೆ, ಬೈಗುಳದ ಸಂದಿಯಲ್ಲಿ ತೂರಿಸಿದಂತೆ, ನಾಳೆ ಬೆಳಗ್ಗೆ ಡಾಕ್ಟರ ಹತ್ತಿರ ಹೋಗಿ ಬರೋಣ, ಐದು ನಿಮಿಷದ ಕೆಲಸ ಎಂದಳು. ಫೌಂಡ್ರಿಯಿಂದ ಆಗಷ್ಟೇ ಬಂದಿದ್ದ ಮುತ್ತಪ್ಪ ಬಾಗಿಲಲ್ಲೇ ನಿಂತ. ಸಮೃದ್ಧಿ ಹೆಗಲ ಚೀಲವನ್ನು ಇನ್ನೂ ಇಳಿಸಿರಲಿಲ್ಲ.

“ನೀ ಹೂಂ ಅಂದು ಬಂದಿ?”

ಅಕ್ಕವ್ವ ಇದೆಲ್ಲ ನಿನ್ನ ಸಲುವಾಗಿ ಎಂದಳು. ನಿನ್ನನ್ನು ಯಾರೂ ಒಂದು ಮಾತು ಅನ್ನಬಾರದೆಂದು ಹದಿನಾಲ್ಕು ವರ್ಷ ಎಷ್ಟು ಎಚ್ಚರದಿಂದ ಹೊಲಿದಿದ್ದೇನೆ, ಅದು ನಿನಗೆ ತಿಳಿಯುವುದಿಲ್ಲ ಎಂದು ದನಿ ಏರಿಸಿದಳು. ಮಗಳ ದನಿ ಏರಲಿಲ್ಲ.

“ಅವರು ಒಂದ ಸಲ ನೋಡಿ ಹಂಗ ಅಂದ್ರು. ನೀ ಹದಿನಾಲ್ಕು ವರ್ಷ ನೋಡೀದಿ. ಈ ಅನಗೋಳದಾಗ ಎಲ್ಲಾರ ಮೈಗೂ ನಿನ್ನ ಟೇಪು ಹತ್ತೇತಿ. ನನಗ ಒಮ್ಮೆರ ಹಚ್ಚೀಯೇನು? ಮಂದಿ ಮಕ್ಕಳಿಗೆ ಸೊಂಟ ಹುಡುಕಿ ಕೊಡಾಕಿ, ನನಗ ಚೀಲ ಹೊಲದಿ. ನನ್ನ ನೋಡಿ ಮೊದಲ ನಾಚಿಕೊಂಡಾಕಿ ನೀನ, ಅವ್ವಾ.”

ಅಕ್ಕವ್ವನಿಗೆ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಎತ್ತಿದ ಕೈ ಎಲ್ಲಿಗೂ ಹೋಗಲಾರದೆ ಕೊರಳಲ್ಲಿದ್ದ ಟೇಪಿಗೆ ಹೋಯಿತು. ಸಮೃದ್ಧಿ ಚೀಲ ಕೆಳಗಿಟ್ಟು, ದುಪಟ್ಟಾ ತೆಗೆದು, ದೊಗಳೆ ಕುರ್ತಾವನ್ನು ಹಿಂದಿನಿಂದ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ದೀಪದ ಕೆಳಗೆ ಬಂದು ನಿಂತಳು. ಅಳತೆ ತಗೋ, ಎಂದಳು.

ಎದೆ ನಲವತ್ತೆರಡು. ಅಕ್ಕವ್ವ ಅರಿಯದ ದರ್ಜಿಯ ಹಾಗೆ ಹೊಕ್ಕುಳ ಹತ್ತಿರ ಟೇಪು ಸುತ್ತಿದಳು, ಸುತ್ತಿದ ಮೇಲೆ ನಾಚಿ ಮೇಲೆ ಸರಿಸಿದಳು. ಪಕ್ಕೆಲುಬಿನ ಕೆಳಗೆ ಮೈ ಒಳಗೆ ಹೋಗಿತ್ತು. ಟೇಪು ಅಲ್ಲಿ ತಾನಾಗಿಯೇ ಕುಳಿತಿತು. ಮೂವತ್ತೇಳು. ನಂಬದೆ ಇನ್ನೊಮ್ಮೆ ಅಳೆದಳು. ಮೂವತ್ತೇಳೇ. ಇಷ್ಟು ವರ್ಷ ಅವಳು ಕಣ್ಣಳತೆಯಲ್ಲಿ ನಲವತ್ಮೂರು ಹಿಡಿದು, ಅದರ ಮೇಲೆ ಎರಡು ಸೇರಿಸಿ ಕತ್ತರಿಸುತ್ತಿದ್ದಳು. ರಸ್ತೆಯಲ್ಲಿ ಹೋಗುವ ಹೆಂಗಸಿನ ಸೊಂಟವನ್ನು ಕಿಟಕಿಯಿಂದ ನೋಡಿ ಅರ್ಧ ಇಂಚು ಆಚೀಚೆ ಆಗದಂತೆ ಹೇಳುವವಳು ಹೆತ್ತ ಮಗಳ ವಿಷಯದಲ್ಲಿ ಆರು ಇಂಚು ತಪ್ಪಿದ್ದಳು. ಆ ಹಾಳು ನೆಂಟಳು ನಕ್ಕ ದಿನದಿಂದ ಅವಳು ಮಗಳನ್ನು ಆ ನೆಂಟಳ ಕಣ್ಣಿನಿಂದಲೇ ನೋಡುತ್ತ ಬಂದಿದ್ದಳು. ಬೈಯಲು ಎದುರಿಗೆ ಯಾರೂ ಇರಲಿಲ್ಲ. ಬೈಸಿಕೊಳ್ಳಬೇಕಾದವಳು ತಾನೇ ಎಂದು ತಿಳಿದಾಗ ಅಕ್ಕವ್ವನ ಕಣ್ಣಲ್ಲಿ ನೀರು ಬಂತು. ಅದೂ ಸಿಟ್ಟಿನ ನೀರೇ.

ಒಡೆದ ಗಾಜಿನ ಫೋನು ತೆಗೆದು ಪ್ರಮಿಳಾಳಿಗೆ ಹಚ್ಚಿದಳು.

“ಪ್ರಮಿಳಾಕ್ಕಾರ, ಆ ಕುರ್ತಾ ಹೊಲದದ್ದು ನನ್ನ ತಪ್ಪು ಐತ್ರಿ, ಖರೇ. ಹುಡುಗಿದು ಏನೂ ತಪ್ಪಿಲ್ಲ. ಆದ್ರ ಡಾಕ್ಟರ ಕಾಗದ ಬರಂಗಿಲ್ಲ. ನಾ ಹೂಂ ಅಂದದ್ದನ್ನ ವಾಪಸ್ ತಗೊಂಡೇನ್ರಿ.”

ಆ ಕಡೆಯಿಂದ ಪ್ರಮಿಳಾ, ಇರಲಿ ಬಿಡ್ರಿ, ಕಾಗದ ಬೇಡ, ನೀವು ಇಷ್ಟು ಖಂಡಿತ ಹೇಳುತ್ತೀರಿ ಅಂದರೆ ನಂಬುತ್ತೇವೆ, ಐತವಾರ ಅನಗೋಳಕ್ಕೇ ಬರುತ್ತೇವೆ ಅಂದಳು. ಒಂದು ಗಂಟೆಯ ಹಿಂದೆ ಆಗಿದ್ದರೆ ಅಕ್ಕವ್ವ ಕುಣಿದಾಡಿ ಬರ್ರಿ ಅನ್ನುತ್ತಿದ್ದಳು. ಈಗ ಫೋನಿನ ಮೇಲೆ ಅಂಗೈ ಇಟ್ಟು ಮಗಳ ಕಡೆ ನೋಡಿದಳು. ಚೇತನ ಆ ಮಾತನ್ನು ನನ್ನನ್ನೇ ಕೇಳಬಹುದಿತ್ತು, ಕೇಳದೆ ಸುಮ್ಮನಾದ, ಈ ಸಂಬಂಧ ಬೇಡ ಅಂತ ಹೇಳು ಎಂದಳು ಸಮೃದ್ಧಿ. ಹೇಳುವಾಗ ಅವಳ ಕಣ್ಣು ತುಂಬಿತ್ತು. ಅಕ್ಕವ್ವ ಒಂದಕ್ಷರ ಕೂಡಿಸದೆ ಕಳೆಯದೆ ಅದನ್ನು ಹಾಗೆಯೇ ಫೋನಿಗೆ ಹೇಳಿ ಇಟ್ಟಳು. ಮುತ್ತಪ್ಪ ಒಳಗೆ ಹೋಗಿ ಚಹಾಕ್ಕಿಟ್ಟ.

ಅಕ್ಕವ್ವನ ಮೈ ಇನ್ನೂ ಕುದಿಯುತ್ತಿತ್ತು. ಸುಮ್ಮನೆ ಕೂರುವುದು ಅವಳಿಂದಾಗದು. ಬೀರು ತೆಗೆದು, ಗಿರಾಕಿಗಳಿಗೂ ಕೊಡದೆ ಇಟ್ಟಿದ್ದ ತೆಳು ಹಸಿರು ಇಳಕಲ್ ಬಟ್ಟೆ ಹೊರಗೆ ಎಳೆದು, ಮೇಜಿನ ಮೇಲೆ ಹಾಸಿ, ಸೀಮೆಸುಣ್ಣ ಕೈಗೆ ತೆಗೆದುಕೊಂಡಳು. ಊಟದ ಹೊತ್ತಿಗೆ ಮುಗಿಸಿ ಕೊಡುತ್ತೇನೆ, ಸೊಂಟದ ಹತ್ತಿರ ಎಷ್ಟು ಬಿಗಿ ಬೇಕು ಹೇಳು ಎಂದು ಕೇಳಿದಳು.

ಸಮೃದ್ಧಿ ಬಟ್ಟೆಯನ್ನು ನೋಡಿದಳು, ಅವ್ವನನ್ನು ನೋಡಿದಳು. ತನ್ನ ಕಚೇರಿಯ ಎದುರಿಗೆ ಮಾಯಾ ಅಂತ ಒಬ್ಬಳು ಹೊಲಿಯುತ್ತಾಳೆ, ಹಳದಿ ಬಟ್ಟೆ ಕೊಟ್ಟು ಅಳತೆ ಕೊಟ್ಟು ವಾರವಾಯಿತು, ಶನಿವಾರ ಸಿಗುತ್ತದೆ ಎಂದಳು.

“ನೀ ಹೊಲಿಬ್ಯಾಡವ್ವ, ಈಗ. ನೀ ಹೊಲದದ್ದು ಹಾಕ್ಕೊಂಡ್ರ ನಿನ್ನ ಅಂಜಿಕಿನ ಮೈಮ್ಯಾಲ ಹಾಕ್ಕೊಂಡಂಗ ಆಗತೈತಿ.”

ಅನಗೋಳದಲ್ಲಿ ಆವರೆಗೆ ಯಾವ ಗಿರಾಕಿಯೂ ಅಕ್ಕವ್ವನಿಗೆ ನಿನ್ನ ಕೈಯ ಹೊಲಿಗೆ ಬೇಡ ಎಂದಿರಲಿಲ್ಲ. ಅವಳು ಮೇಜಿನ ಮೇಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮತ್ತೆ ತುಟಿಯ ನಡುವೆ ಹಿಡಿದಳು. ಸಮೃದ್ಧಿ ಅಪ್ಪ ತಂದ ಚಹಾ ತೆಗೆದುಕೊಂಡು ಒಳಗೆ ಹೋದಳು. ಅಕ್ಕವ್ವ ಸೀಮೆಸುಣ್ಣ ಕೆಳಗಿಟ್ಟು, ಹಸಿರು ಬಟ್ಟೆಯನ್ನು ಮಡಚಿ ಬೀರುವಿನಲ್ಲಿಟ್ಟಳು.